ಒಡ್ಡಿನ ಮರದ ವಾರಸುದಾರರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಕಾಡು ಕಡಿಯುವವರು ಯಾರೂ ಇಲ್ಲ. ಕಾಡು ಇದ್ದರಲ್ಲವೆ ಕಡಿಯುವ ಮಾತು? ಈ ತಾಲ್ಲೂಕುಗಳಿರುವ ವಿಜಯಪುರ ಜಿಲ್ಲೆಯ ವಿಸ್ತೀರ್ಣ ಸುಮಾರು 10,500 ಚದರ ಕಿಲೋಮೀಟರು. 2016ರ ಸುಮಾರಿಗೆ ಇಲ್ಲಿ ಕೋಟಿ ವೃಕ್ಷ ಅಭಿಯಾನ ಶುರುವಾದಾಗ, ಅದರಲ್ಲಿ ಅರಣ್ಯ ಎಷ್ಟು ಎಂಬುದಕ್ಕೆ ವೇದಿಕೆಯಿಂದ ವೇದಿಕೆಗೆ ಕೇಳಿಬರುತ್ತಿದ್ದ ಅಂಕಿ ಶೇ 0.17. ಇಡೀ ಜಿಲ್ಲೆಯ ಅರಣ್ಯವನ್ನು ಒಂದೇ ಕಡೆ ಒಟ್ಟಿದರೆ 18 ಚದರ ಕಿಲೋಮೀಟರಿನ ಒಂದು ತುಂಡು ಆದೀತು. 1988ರ ರಾಷ್ಟ್ರೀಯ ಅರಣ್ಯ ನೀತಿ ದೇಶದ ಮೂರನೇ ಒಂದು ಪಾಲು ಹಸಿರಾಗಿರಬೇಕು ಅನ್ನುತ್ತದೆ. ಅದನ್ನು ಬರೆದವರು ಡೋಣಿ ನದಿ ಸಾಲಿನ ಎರೆಹೊಲದ ನಡುವೆ ಒಮ್ಮೆ ನಿಂತು ನೋಡಿರಲಿಕ್ಕಿಲ್ಲ. ಮಾಘಮಾಸದಲ್ಲಿ ದಿಗಂತದವರೆಗೂ ಬಿಳಿಜೋಳ, ನಡುನಡುವೆ ಕುಸುಬಿ, ಕಡಲೆ. ನೆರಳು ಬೇಕೆಂದರೆ ಮುಂದಿನ ಊರಿನ ಗುಡಿಯ ತನಕ ನಡೆಯಬೇಕು.

ಹಾಗಾಗಿ ಅರಣ್ಯನಾಶ, ಅದರಿಂದಾಗುವ ಇಂಗಾಲ ಹೊರಸೂಸುವಿಕೆ, ಉಷ್ಣವಲಯದ ಮೂಲನಿವಾಸಿಗಳ ಬಡತನ ಎಂದೆಲ್ಲ ಸುದ್ದಿ ಬಂದಾಗ ಇದು ಅಮೆಜಾನಿನ ಮಾತು, ಹೆಚ್ಚೆಂದರೆ ಚಾಮರಾಜನಗರದ ಮಾತು ಎಂದು ನಮ್ಮ ಕಡೆಯವರು ಪುಟ ತಿರುವುತ್ತಾರೆ. ಆದರೆ ಬಯಲುಸೀಮೆಯಲ್ಲೂ ಮರ ಹೋಗುತ್ತಿದೆ. ಅದು ಹೋಗುವುದು ಕಾಡಿನಿಂದಲ್ಲ, ಒಡ್ಡಿನಿಂದ, ಅಂದರೆ ಹೊಲದ ಬದುವಿನಿಂದ.

ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಸಂಶೋಧಕರು ಉಪಗ್ರಹ ಚಿತ್ರಗಳಲ್ಲಿ ಭಾರತದ ಹೊಲಗಳ ಮರಗಳನ್ನು ಒಂದೊಂದಾಗಿ ಎಣಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. 2010-11ರಲ್ಲಿ ಕಂಡ ದೊಡ್ಡ ಮರಗಳಲ್ಲಿ ಶೇ 11ರಷ್ಟು 2018ರ ಹೊತ್ತಿಗೆ ಇರಲಿಲ್ಲ. 2018ರಿಂದ 2022ರ ನಡುವೆ ಇನ್ನೂ 50 ಲಕ್ಷಕ್ಕೂ ಹೆಚ್ಚು ದೊಡ್ಡ ಮರಗಳು ಮಾಯವಾದವು. ಇವು ಕಾಡಿನ ಮರಗಳಲ್ಲ. ಹೊಲದ ನಡುವೆ, ಬದುವಿನ ಮೇಲೆ ಹರಡಿ ನಿಂತ ಬೇವು, ಇಪ್ಪೆ, ಹಲಸಿನಂಥವು. ಕಾಡಿನ ಲೆಕ್ಕದಲ್ಲಿ ಇವಕ್ಕೆ ಜಾಗವಿಲ್ಲವಾದ್ದರಿಂದ ಹೋದದ್ದೂ ಆ ಲೆಕ್ಕದಲ್ಲಿ ಕಾಣಲಿಲ್ಲ.

ನಮ್ಮ ಒಡ್ಡುಗಳಿಗೂ ಒಂದು ಇತಿಹಾಸವಿದೆ. ವಿಜಯಪುರ ಆಗ ಮುಂಬಯಿ ಪ್ರಾಂತದಲ್ಲಿತ್ತು. 1933ರಲ್ಲಿ ಇಲ್ಲಿ ಒಣ ಬೇಸಾಯದ ಸಂಶೋಧನಾ ಕೇಂದ್ರ ಬಂತು. ಆಮೇಲೆ 1940ರ ದಶಕದಲ್ಲಿ ಮುಂಬಯಿ ಸರ್ಕಾರದ ಜಮೀನು ಅಭಿವೃದ್ಧಿ ಯೋಜನೆಗಳ ಕಾಯ್ದೆಯಡಿ ಸಮಪಾತಳಿ ಒಡ್ಡು ಹಾಕುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಬರಗಾಲದ ಕೂಲಿಯೂ ಅದೇ, ಮಣ್ಣು ಉಳಿಸುವ ಉಪಾಯವೂ ಅದೇ. ವರ್ಷಕ್ಕೆ 600 ಮಿಲಿಮೀಟರು ಕೂಡ ಬೀಳದ ಮಳೆ, ಅದೂ ನಾಲ್ಕೇ ಹೊಡೆತಕ್ಕೆ ಸುರಿದು ಎರೆಮಣ್ಣನ್ನು ಕೊಚ್ಚಿ ಡೋಣಿಗೆ ಹಾಕುವ ನಾಡಿನಲ್ಲಿ ಒಡ್ಡು ದೊಡ್ಡ ಆಸ್ತಿ. ಒಡ್ಡಿನ ಮೇಲೆ ತಾನಾಗಿ ಕರಿಜಾಲಿ ಎದ್ದಿತು, ಬೇವು ಎದ್ದಿತು, ದಸರೆಗೆ ಬೇಕಾದ ಬನ್ನಿಯೂ ಎದ್ದಿತು. ಕುಂಟೆ, ಕೂರಿಗೆ, ಚಕ್ಕಡಿಯ ಅಚ್ಚು ಎಲ್ಲಕ್ಕೂ ಜಾಲಿಯ ಕಟ್ಟಿಗೆ. ಕುರಿ-ಆಡಿಗೆ ಅದರ ಕಾಯಿ. ಬಡಿಗನಿಗೆ ವರ್ಷದ ಆಯ ಕೊಡುವಾಗ ಮರ ಯಾವ ಹೊಲದ್ದು ಎಂಬುದೂ ಲೆಕ್ಕದಲ್ಲಿ ಇರುತ್ತಿತ್ತು.

ಈಗ ಆ ಮರವನ್ನು ಯಾಕೆ ಕಡಿದಿರಿ ಎಂದು ಕೇಳಿ ನೋಡಿ. "ನೆರಳಿಗೆ ಜ್ವಾಳಾ ಬರೂದಿಲ್ರೀ" ಎನ್ನುವುದು ಮೊದಲ ಉತ್ತರ. ಎರಡನೆಯದು ಹಕ್ಕಿ: ತೆನೆ ಹಾಲುಗಟ್ಟುವ ಹೊತ್ತಿಗೆ ಮರವಿದ್ದ ಹೊಲಕ್ಕೇ ಹಿಂಡು ಇಳಿಯುತ್ತದೆ, ಕವಣೆ ಹಿಡಿದು ಕೂರಲು ಮನೆಯಲ್ಲಿ ಹುಡುಗರಿಲ್ಲ. ಮೂರನೆಯದು ಟ್ರ್ಯಾಕ್ಟರು, ಮರದ ಸುತ್ತ ತಿರುಗಿಸುವಾಗ ನಾಲ್ಕು ಸಾಲು ಬಿತ್ತದೆ ಉಳಿಯುತ್ತವೆ. ಚಕ್ಕಡಿ ಹೋದ ಮೇಲೆ ಅಚ್ಚಿನ ಕಟ್ಟಿಗೆಯೂ ಬೇಡವಾಯಿತು. ಕಾಲುವೆ ನೀರು ಬಂದ ಕಡೆ ಹೊಲ ಸಮ ಮಾಡಲು ಬರುವ ಜೆಸಿಬಿ ಮೊದಲು ಹೋಗಿ ನಿಲ್ಲುವುದು ಒಡ್ಡಿನ ಮರದ ಬುಡಕ್ಕೆ. ಈ ಉತ್ತರಗಳಲ್ಲಿ ಒಂದೂ ಸುಳ್ಳಲ್ಲ. ಮರ ನಿಲ್ಲಿಸಿಕೊಂಡ ರೈತನಿಗೆ ನಷ್ಟವೇ. ತಂಪು ಊರಿಗೆ, ಇಂಗಾಲದ ಲಾಭ ಜಗತ್ತಿಗೆ. ಹೀಗಿರುವಾಗ ಪರಿಸರ ದಿನದಂದು ಅವನಿಗೆ ಭಾಷಣ ಮಾಡಿ ಬರುವುದು ಸ್ವಲ್ಪ ನಾಚಿಕೆಯ ಕೆಲಸ.

ಜಗತ್ತಿನ ಮಟ್ಟದಲ್ಲಿ ಈ ತೊಡಕಿಗೆ ಕಂಡುಕೊಂಡ ಉತ್ತರಕ್ಕೆ ರೆಡ್‌ಪ್ಲಸ್ ಎಂದು ಹೆಸರು. 2007ರಲ್ಲಿ ಬಾಲಿಯ ಹವಾಮಾನ ಸಮ್ಮೇಳನದಲ್ಲಿ ಮಾತುಕತೆಗೆ ಬಂತು, 2013ರಲ್ಲಿ ವಾರ್ಸಾದಲ್ಲಿ ನಿಯಮಗಳು ಒಂದು ರೂಪಕ್ಕೆ ಬಂದವು. ತರ್ಕ ಸರಳ: ಕಾಡು ಕಡಿದರೆ ಮರದೊಳಗಿನ ಇಂಗಾಲ ಗಾಳಿಗೆ ಸೇರುತ್ತದೆ, ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಹತ್ತನೇ ಒಂದು ಪಾಲು ಹೀಗೆ ಬರುವಂಥದ್ದು. ಕಡಿಯದೆ ಬಿಟ್ಟವರಿಗೆ, ಕಡಿಯದಿದ್ದಷ್ಟಕ್ಕೆ ಹಣ ಕೊಡಿ. ಕಾಡಿನ ಜನರ ಬಡತನವೂ ತಗ್ಗುತ್ತದೆ, ಹೊಗೆಯೂ ತಗ್ಗುತ್ತದೆ. ಮೇಘಾಲಯದ ಖಾಸಿ ಬೆಟ್ಟಗಳಲ್ಲಿ, ಮಾಫ್ಲಾಂಗಿನ ದೇವರಕಾಡಿನ ಸುತ್ತಮುತ್ತ, ಅಲ್ಲಿನ ಸಮುದಾಯಗಳೇ ಕೂಡಿ ಭಾರತದ ಮೊದಲ ಇಂಥ ಯೋಜನೆಯನ್ನು ನಡೆಸಿವೆ.

ಕಾಗದದ ಮೇಲೆ ಚೆಂದವಾದದ್ದು ಮಾರುಕಟ್ಟೆಗೆ ಹೋದ ಮೇಲೆ ಬೇರೆಯಾಯಿತು. ಕಡಿಯದಿದ್ದಷ್ಟಕ್ಕೆ ಹಣ ಎಂದಾಗ, ಹಣ ಕೊಡದಿದ್ದರೆ ಎಷ್ಟು ಕಡಿಯುತ್ತಿದ್ದರು ಎಂಬುದನ್ನು ಯಾರಾದರೂ ಊಹಿಸಿ ಬರೆಯಲೇಬೇಕು. ಊಹೆ ದೊಡ್ಡದಾದಷ್ಟೂ ಲಾಭ. 2023ರ ಜನವರಿಯಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಇತರ ಎರಡು ಸಂಸ್ಥೆಗಳೊಂದಿಗೆ ನಡೆಸಿದ ತನಿಖೆ, ವೆರಾ ಎಂಬ ದೊಡ್ಡ ಪ್ರಮಾಣೀಕರಣ ಸಂಸ್ಥೆಯ ಮಳೆಕಾಡು ಇಂಗಾಲ ಪತ್ರಗಳಲ್ಲಿ (ಕಾರ್ಬನ್ ಕ್ರೆಡಿಟ್) ಶೇ 90ಕ್ಕೂ ಹೆಚ್ಚು ಪೊಳ್ಳು ಎಂದಿತು. ಸಂಸ್ಥೆ ಅದನ್ನು ಒಪ್ಪಲಿಲ್ಲ. ಬ್ರೆಜಿಲ್‌ನ ಸುರುಯಿ ಜನ ತಮ್ಮ ನೆಲದ ಇಂಗಾಲ ಮಾರಿದ ಮೊದಲ ಮೂಲನಿವಾಸಿಗಳಲ್ಲೊಬ್ಬರು. ಅವರ ಯೋಜನೆ 2018ರಲ್ಲಿ ನಿಂತೇಹೋಯಿತು. ಅದೇ ಬ್ರೆಜಿಲ್, ಇಂಗಾಲ ಪತ್ರಗಳ ಹಂಗಿಲ್ಲದೆ, ಉಪಗ್ರಹದ ಕಾವಲು, ದಂಡ, ಸಾಲಕ್ಕೆ ಕಡಿವಾಣ, ಮೂಲನಿವಾಸಿಗಳ ನೆಲದ ಗಡಿ ಗುರುತು, ಮುಖ್ಯವಾಗಿ ಇಂಥ ಸರ್ಕಾರಿ ಕೆಲಸಗಳಿಂದ 2004ರಲ್ಲಿ ಸುಮಾರು 27,800 ಚದರ ಕಿಲೋಮೀಟರಿದ್ದ ವರ್ಷದ ಅಮೆಜಾನ್ ನಾಶವನ್ನು 2012ಕ್ಕೆ 4,600ರ ಆಸುಪಾಸಿಗೆ ಇಳಿಸಿತ್ತು.

ನಮ್ಮ ರಾಜ್ಯದಲ್ಲಿ ಈ ಕಥೆಯ ನಿಜವಾದ ಊರು ಬಿಳಿಗಿರಿರಂಗನ ಬೆಟ್ಟ. 1974ರಲ್ಲಿ ಅಭಯಾರಣ್ಯವಾದಾಗ ಅಲ್ಲಿನ ಮೂಲನಿವಾಸಿಗಳಾದ ಸೋಲಿಗರ ಕುಂಬ್ರಿ ಬೇಸಾಯ ಹೋಯಿತು. ಜೇನು, ನೆಲ್ಲಿ, ಸೀಗೆ, ಕಲ್ಲುಹೂವು ಕಿತ್ತು ಲ್ಯಾಂಪ್ಸ್ ಎಂಬ ಬುಡಕಟ್ಟು ಸಹಕಾರಿ ಸೊಸೈಟಿಗೆ ಹಾಕಿ ಬದುಕುತ್ತಿದ್ದರು. ವನ್ಯಜೀವಿ ಕಾಯ್ದೆಯ ತಿದ್ದುಪಡಿಯ ದೆಸೆಯಿಂದ 2006ರ ಹೊತ್ತಿಗೆ ಅದೂ ನಿಂತಿತು. ಸೋಜಿಗವೆಂದರೆ ಅರಣ್ಯ ಹಕ್ಕು ಕಾಯ್ದೆಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದೂ ಅದೇ 2006ರಲ್ಲಿ. ಐದು ವರ್ಷ ಓಡಾಡಿದ ಮೇಲೆ, 2011ರ ಅಕ್ಟೋಬರಿನಲ್ಲಿ, ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಅದೇ ವರ್ಷದ ಆರಂಭದಲ್ಲಷ್ಟೇ ಹುಲಿ ಮೀಸಲು ಪ್ರದೇಶವೆಂದು ಘೋಷಿಸಿದ್ದ ಕಾಡು ಅದು. ಜನರಿಗೆ ಹಕ್ಕು ಕೊಟ್ಟರೆ ಹುಲಿ ಉಳಿಯುವುದಿಲ್ಲ ಎಂದವರಿದ್ದರು. 2010ರಿಂದ 2014ರ ನಡುವೆ ಅಲ್ಲಿ ಹುಲಿಗಳು 35ರಿಂದ 68ಕ್ಕೆ ಏರಿದವೆಂದು ವರದಿಯಾಯಿತು. ಹಕ್ಕಿನಿಂದಲೇ ಹುಲಿ ಹೆಚ್ಚಿತು ಎಂದು ನಾನು ಹೇಳುತ್ತಿಲ್ಲ. ಹಕ್ಕಿನಿಂದ ಹುಲಿ ಹೋಗಲಿಲ್ಲ, ಅಷ್ಟು ಸಾಕು.

ಸೋಲಿಗರು ಇನ್ನೊಂದು ಮಾತು ಹೇಳುತ್ತಾರೆ. ಮೊದಲು ಬೇಸಗೆಯ ಆರಂಭದಲ್ಲಿ ತಾವು ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೆ ನೆಲ್ಲಿ ಮರಗಳಿಗೆ ಬಂದಳಿಕೆ ಹಬ್ಬಿತು, ಲಂಟಾನ ಏರಿತು. ಸಂಶೋಧಕರು ಈ ಮಾತನ್ನು ಈಗ ಗಂಭೀರವಾಗಿ ಎಣಿಸುತ್ತಾರೆ. ಕಾಡಿನಲ್ಲಿ ಪಾಲಿರುವವನ ಕಣ್ಣು ಕಾವಲುಗಾರನ ಕಣ್ಣಿಗಿಂತ ಬೇರೆ.

ಪಾಲು ಕೊಡದೆ ಮರ ನೆಟ್ಟರೆ ಏನಾಗುತ್ತದೆ ಎಂಬುದಕ್ಕೂ ಹೊರದೇಶಕ್ಕೆ ಹೋಗಬೇಕಿಲ್ಲ. 1980ರ ದಶಕದಲ್ಲಿ ಸರ್ಕಾರ ಮತ್ತು ಹರಿಹರದ ಪಾಲಿಫೈಬರ್ಸ್ ಕಂಪನಿ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿ, ಹಳ್ಳಿಯವರು ದನ ಮೇಯಿಸಿ ಸೌದೆ ಆಯುತ್ತಿದ್ದ ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ದರ್ಜೆ ಭೂಮಿಯಲ್ಲಿ ನೀಲಗಿರಿ ಬೆಳೆಯಲು ಹೊರಟವು. ಲೆಕ್ಕದಲ್ಲಿ ಅದೂ ಅರಣ್ಯೀಕರಣವೇ. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮತ್ತು ಸುತ್ತಲ ಹಳ್ಳಿಗಳ ಜನ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಮಾಡಿದರು: ನೀಲಗಿರಿ ಸಸಿ ಕಿತ್ತರು, ಅದೇ ನೆಲದಲ್ಲಿ ತಮಗೆ ಬೇಕಾದ ಸಸಿ ಹಚ್ಚಿದರು. 1991ರಲ್ಲಿ ಪಲ್ಪ್‌ವುಡ್ ಕಂಪನಿಯನ್ನು ಮುಚ್ಚಬೇಕಾಯಿತು. ಅಂದು ಜನ ಕಿತ್ತದ್ದು ಮರದ ಮೇಲಿನ ಸಿಟ್ಟಿಗಲ್ಲ. ಆ ಮರ ತಮ್ಮದಲ್ಲ ಎಂಬ ಕಾರಣಕ್ಕೆ.

ಇನ್ನು ನಮ್ಮ ಒಡ್ಡಿಗೆ ಬರೋಣ. ರೆಡ್‌ಪ್ಲಸ್‌ನ ಮೂಲ ತರ್ಕ, ಅಂದರೆ ನೆಟ್ಟದ್ದಕ್ಕಲ್ಲ, ಉಳಿದದ್ದಕ್ಕೆ ದುಡ್ಡು ಎಂಬುದು, ಸದ್ದಿಲ್ಲದೆ ನಮ್ಮಲ್ಲೇ ಇದೆ. 2011-12ರಲ್ಲಿ ಶುರುವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಅದು. ಅರಣ್ಯ ಇಲಾಖೆಯ ನರ್ಸರಿಯಿಂದ ಕಡಿಮೆ ದರದಲ್ಲಿ ಸಸಿ ಒಯ್ದು ಹೊಲದಲ್ಲಿ ಹಚ್ಚಬೇಕು. ಬದುಕುಳಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ. ಆರಂಭದಲ್ಲಿ ಇದಕ್ಕಿಂತ ಕಡಿಮೆಯಿತ್ತು. ಹೆಕ್ಟೇರಿಗೆ 400 ಸಸಿಯ ಮಿತಿಯಿದೆ.

ಇದನ್ನು ಇಂಗಾಲ ಮಾರುಕಟ್ಟೆಯ ಪಕ್ಕದಲ್ಲಿಟ್ಟು ನೋಡಿ. ಬಲಿತ ಮರವೊಂದು ವರ್ಷಕ್ಕೆ ಸರಾಸರಿ 20 ಕಿಲೋ ಇಂಗಾಲದ ಡೈಆಕ್ಸೈಡ್ ಹೀರುತ್ತದೆ ಎಂದು ಒರಟಾಗಿ ಹಿಡಿಯೋಣ. ನಮ್ಮ ಮಳೆಗೆ ಅದೂ ಉದಾರವೇ. 50 ಮರಕ್ಕೆ ಒಂದು ಟನ್. ಟನ್ನಿಗೆ ಹತ್ತು ಡಾಲರ್ ಸಿಕ್ಕಿತು ಅಂದುಕೊಂಡರೂ, ನಡುವಿನ ಏಜೆಂಟನಿಗೆ ಏನೂ ಹೋಗಲಿಲ್ಲ ಅಂದುಕೊಂಡರೂ, ಮರವೊಂದಕ್ಕೆ ವರ್ಷಕ್ಕೆ ಹದಿನೇಳೋ ಹದಿನೆಂಟೋ ರೂಪಾಯಿ. ನಮ್ಮ ಅರಣ್ಯ ಇಲಾಖೆ ವರ್ಷಕ್ಕೆ ಸರಾಸರಿ 40 ರೂಪಾಯಿಗಿಂತ ಹೆಚ್ಚೇ ಕೊಡುತ್ತಿದೆ. ಕಾರ್ಬನ್ ಕ್ರೆಡಿಟ್ ಮಾಡಿಸಿಕೊಡುತ್ತೇವೆ, ಸಹಿ ಹಾಕಿ ಎಂದು ಹಳ್ಳಿಗೆ ಬರುವವರ ಮುಂದೆ ರೈತರು ಮೊದಲು ಹಾಕಬೇಕಾದ ಲೆಕ್ಕ ಇದು.

ಇನ್ನೊಂದು ಲೆಕ್ಕ ಸ್ವಲ್ಪ ಕಹಿ. ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟಿನ ಕಲ್ಲಿದ್ದಲು ಸ್ಥಾವರವಿದೆ. 2014ರ ಜುಲೈನಲ್ಲಿ ಅದರ ವಿರುದ್ಧ ಬೀದಿಗಿಳಿದ ರೈತರ ಮೇಲೆ ಗೋಲಿಬಾರೂ ನಡೆದಿತ್ತು. ಸ್ಥಾವರ ಅದರ ಶಕ್ತಿಯ ಶೇ 60ರಷ್ಟು ಓಡಿದರೆ, ಯುನಿಟ್ಟಿಗೆ 900 ಗ್ರಾಂ ಹೊಗೆ ಎಂಬ ಸಾಮಾನ್ಯ ಲೆಕ್ಕದಲ್ಲಿ, ದಿನಕ್ಕೆ ಸುಮಾರು 30,000 ಟನ್ ಇಂಗಾಲದ ಡೈಆಕ್ಸೈಡ್. ಒಂದು ಕೋಟಿ ಮರ ವರ್ಷವಿಡೀ ಹೀರುವುದು ಎರಡು ಲಕ್ಷ ಟನ್. ಅಂದರೆ ಕೋಟಿ ವೃಕ್ಷ ಅಭಿಯಾನದ ಪ್ರತಿಯೊಂದು ಸಸಿಯೂ ಬದುಕಿ ಬಲಿತರೂ ಅದು ಕೂಡಗಿಯ ಒಂದು ವಾರದ ಹೊಗೆಗೆ ಸಮ. ಅಭಿಯಾನವನ್ನು ಹಗುರ ಮಾಡಲು ಈ ಮಾತಲ್ಲ. ವಿಜಯಪುರದ ಭೂತನಾಳ ಕೆರೆಯ ಸುತ್ತ ಬೋಳು ಗುಡ್ಡದಲ್ಲಿ ಹಸಿರು ಕಂಡವರಿಗೆ ಅದರ ಬೆಲೆ ಗೊತ್ತು. ಆದರೆ ಇಂಡಿ-ಸಿಂದಗಿಯಲ್ಲಿ ಮರ ಬೆಳೆಸುವುದಕ್ಕೆ ಜಗತ್ತಿನ ಹವಾಮಾನವನ್ನು ಕಾರಣವಾಗಿ ಕೊಡುವುದು ದುರ್ಬಲ ಕಾರಣ. ಇಲ್ಲಿ ಮರಕ್ಕೆ ಬೇರೆ ಕಾರಣ ಬೇಕು, ಇದೆ ಕೂಡ.

ಇಂಡಿಯ ನಿಂಬೆ ನೋಡಿ. ಯಾವ ಅಭಿಯಾನವೂ ಹಚ್ಚದ ಮರ. 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ರಾಜ್ಯದ ನಿಂಬೆ ಅಭಿವೃದ್ಧಿ ಮಂಡಳಿ ಇಂಡಿಯಲ್ಲೇ ಇದೆ. ನಸುಕಿನಲ್ಲಿ ಹೆಂಗಸರು ಮರದ ಬುಡದಲ್ಲಿ ಉದುರಿದ ಹಣ್ಣು ಆಯ್ದು, ಬಣ್ಣ-ಗಾತ್ರ ನೋಡಿ ಬೇರೆ ಮಾಡಿ, ಚೀಲಕ್ಕೆ ತುಂಬುತ್ತಾರೆ. ಮಾರುಕಟ್ಟೆಯಲ್ಲಿ ಡಾಗ್ ಲೆಕ್ಕ, ಡಾಗಿಗೆ ಸಾವಿರದಷ್ಟು ಹಣ್ಣು. ಬೇಸಗೆಯಲ್ಲಿ ದರ ಏರಿದರೆ, 2022ರ ಏಪ್ರಿಲಿನ ಹಾಗೆ, ಆ ವರ್ಷದ ಮದುವೆ ಆಗಿಹೋಗುತ್ತದೆ; ಮಳೆಗಾಲದಲ್ಲಿ ಕೂಲಿಯೂ ಹುಟ್ಟದೆ ಹಣ್ಣು ಬುಡದಲ್ಲೇ ಕೊಳೆಯುವ ವರ್ಷವೂ ಉಂಟು. ಆದರೂ ಬರ ಬಿದ್ದಾಗ ಇದೇ ರೈತ ಸಾಲ ಮಾಡಿ ಟ್ಯಾಂಕರಿನಲ್ಲಿ ನೀರು ತಂದು ಗಿಡಕ್ಕೆ ಹಾಕಿದ. ಒಡ್ಡಿನ ಬೇವು ಒಣಗಿದರೆ ತಿರುಗಿ ನೋಡದವನು ನಿಂಬೆಗೆ ನೀರು ಹೊತ್ತ. ಅವನಿಗೆ ಪರಿಸರದ ಅರಿವು ಒಂದು ಮರಕ್ಕೆ ಇದ್ದು ಇನ್ನೊಂದಕ್ಕೆ ಇಲ್ಲ ಎನ್ನಲಾದೀತೆ?

ಒಡ್ಡು, ನಿಂಬೆಯ ಈ ಮಾತೆಲ್ಲ ಹೊಲ ಇದ್ದವರದು. ಪ್ರೋತ್ಸಾಹಧನಕ್ಕೆ ಉತಾರ (ಪಹಣಿ) ಬೇಕು, ನಿಂಬೆಗೆ ಬೋರ್‌ವೆಲ್ ಬೇಕು. ಉತಾರವೇ ಇಲ್ಲದವರು ಮುದ್ದೇಬಿಹಾಳ, ಬಸವನ ಬಾಗೇವಾಡಿ, ಇಂಡಿ ಕಡೆಯ ಲಂಬಾಣಿ ತಾಂಡಾಗಳಲ್ಲಿ, ಊರ ಹೊರಗಿನ ಕೇರಿಗಳಲ್ಲಿ ಇದ್ದಾರೆ. ಇದ್ದಾರೆ ಎನ್ನುವುದಕ್ಕಿಂತ ವರ್ಷದಲ್ಲಿ ಕೆಲವು ತಿಂಗಳು ಇರುತ್ತಾರೆ. ಉಳಿದ ತಿಂಗಳು ಮಹಾರಾಷ್ಟ್ರದ ಕಬ್ಬಿನ ಗದ್ದೆ, ಗೋವಾ, ಮಂಗಳೂರು, ಬೆಂಗಳೂರಿನ ಕಟ್ಟಡಗಳು. ಗುಳೆ ಹೋದ ಮನೆಯ ಬಾಗಿಲಲ್ಲಿ ಮುದುಕರು, ಮಕ್ಕಳು ಕೂತಿರುತ್ತಾರೆ. 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿ 52,000ದಷ್ಟು ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಗೆ ಚಾಲನೆ ಕೊಟ್ಟರು. ವಿಜಯಪುರ ಜಿಲ್ಲೆಯೂ ಅದರಲ್ಲಿತ್ತು. ಮನೆಯ ನೆಲಕ್ಕೆ ಕಾಗದ ಸಿಕ್ಕಿದ್ದು ದೊಡ್ಡದೇ. ಆದರೆ ಅದರ ಮೇಲೆ ದುಡಿಮೆ ಹುಟ್ಟುವುದಿಲ್ಲ. ಅರಣ್ಯ ಹಕ್ಕು ಕಾಯ್ದೆಯೂ ಇವರ ನೆರವಿಗೆ ಬಾರದು. ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನ ಆಶ್ರಯದಲ್ಲಿದ್ದುದನ್ನು ತೋರಿಸಬೇಕು. ಲಂಬಾಣಿಗರು ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿ. ತೋರಿಸಲು ಕಾಡಾದರೂ ಎಲ್ಲಿದೆ?

ಇವರಿಗೆ ಕೊಡಲು ಭೂಮಿ ಇಲ್ಲದಿರಬಹುದು, ಮರ ಇದೆ. ಆಲಮಟ್ಟಿ, ನಾರಾಯಣಪುರ ಜಲಾಶಯಗಳ ಕಾಲುವೆಗಳ ಎರಡೂ ದಂಡೆ, ಮುಳವಾಡ, ಚಿಮ್ಮಲಗಿ ಏತ ನೀರಾವರಿಯ ಹೊಸ ಕಾಲುವೆಗಳು, ತುಂಬಿಸಿದ ಕೆರೆಗಳ ಏರಿ, ರಸ್ತೆ ಬದಿ, ದನ ಮೇಯುವ ಗಾಯರಾಣ. ಅಲ್ಲಿ ಹಚ್ಚಿದ ಮರದ ನೆಲ ಸರ್ಕಾರದ್ದೇ ಇರಲಿ. ಅದರ ಹಣ್ಣು, ಬೀಜ, ಸೊಪ್ಪು, ಒಣಕಟ್ಟಿಗೆಯ ಹಕ್ಕನ್ನು ಕುಟುಂಬವೊಂದಕ್ಕೆ ಇಷ್ಟು ಮರ ಎಂದು ಹೆಸರು ಹಚ್ಚಿ ಬರೆದುಕೊಡಬಹುದು. ಈಗ ರಸ್ತೆ ಬದಿಯ ಹುಣಸೆಯನ್ನು ಹರಾಜಿನಲ್ಲಿ ಹಿಡಿಯುವವರು ಪಟ್ಟಣದ ವ್ಯಾಪಾರಿಗಳು. ಬಡಿದು ಬೀಜ ಬಿಡಿಸುವ ಕೂಲಿ ಮಾತ್ರ ಕೇರಿಯ ಹೆಂಗಸರಿಗೆ.

ಮರದ ಆಯ್ಕೆಯಲ್ಲಿ ತಿಂಗಳು ನೋಡಬೇಕು. ಹುಣಸೆ ಬರುವುದು ಹಿಂಗಾರಿನ ರಾಶಿ ಮುಗಿಯುವ ಹೊತ್ತಿಗೆ, ಶಿವರಾತ್ರಿಯಿಂದ ಯುಗಾದಿ ದಾಟುವ ತನಕ. ಅದರ ಬೆನ್ನಿಗೆ ಮುಂಗಾರು ಬಿತ್ತಿಗೆಗೆ ಮುಂಚಿನ ಬರಿಗೈ ದಿನಗಳಲ್ಲಿ ಬೇವಿನ ಹಣ್ಣು ಉದುರುತ್ತದೆ. 2015ರಲ್ಲಿ ಯೂರಿಯಾಕ್ಕೆ ಬೇವಿನ ಲೇಪ ಕಡ್ಡಾಯವಾದ ಮೇಲೆ ಬೇವಿನ ಬೀಜಕ್ಕೆ ಗಿರಾಕಿ ಹೆಚ್ಚಿದೆ. ದಸರೆಯ ಹೊತ್ತಿಗೆ ಸೀತಾಫಲ, ಸಂಕ್ರಾಂತಿಗೆ ಬಾರೆಹಣ್ಣು. ಎಲ್ಲವೂ ಎರೆಭೂಮಿಯ ಬರ ತಡೆಯುವ ಮರಗಳೇ ಎನ್ನಲಾರೆ, ಸೀತಾಫಲಕ್ಕೆ ಮರಡಿ ನೆಲವೇ ಲೇಸು. ಆದರೆ ಬೇಗ ಎತ್ತರವಾಗಿ ಫೋಟೊಗೆ ಚೆಂದ ಕಾಣುವ ಗಿಡಗಳಿಗಿಂತ ಇವು ಮನೆ ನಡೆಸುತ್ತವೆ. ಒಂದು ಮನೆಗೆ ಇಪ್ಪತ್ತು ಹುಣಸೆ, ಮೂವತ್ತು ಬೇವು ಸಿಕ್ಕರೆ ಗುಳೆ ನಿಂತೀತು ಎಂಬ ಭ್ರಮೆ ನನಗಿಲ್ಲ. ಇಬ್ಬರು ಹೋಗುವ ಕಡೆ ಒಬ್ಬರು ಹೋದಾರು, ಮಗು ಶಾಲೆಯ ಹಾಜರಿಯಲ್ಲಿ ಉಳಿದೀತು.

ಬಡವರ ಕೈಗೆ ಕೊಟ್ಟರೆ ಕಡಿದು ಮಾರುತ್ತಾರೆ ಎಂಬ ಆಕ್ಷೇಪ ಬರುತ್ತದೆ, ಯಾವಾಗಲೂ ಬರುತ್ತದೆ. ಪಶ್ಚಿಮ ಬಂಗಾಳದ ಅರಾಬಾರಿಯಲ್ಲಿ 1972ರಲ್ಲಿ ಅಜಿತ್ ಕುಮಾರ್ ಬ್ಯಾನರ್ಜಿ ಎಂಬ ಅರಣ್ಯಾಧಿಕಾರಿ 618 ಬಡ ಕುಟುಂಬಗಳಿಗೆ, ಕಾವಲಿದ್ದರೆ ಮಾರಾಟದಲ್ಲಿ ಕಾಲು ಪಾಲು ಎಂದು ಮಾತು ಕೊಟ್ಟರು. ಬೋಳಾಗಿದ್ದ ಸಾಲ್ ಕಾಡು ಅವರ ಕಾವಲಿನಲ್ಲೇ ಚಿಗುರಿತು. ಕರ್ನಾಟಕದ 1993ರ ಜಂಟಿ ಅರಣ್ಯ ಯೋಜನೆ ಆದೇಶವೂ ಆ ಕುಲದ್ದೇ. ಗ್ರಾಮ ಅರಣ್ಯ ಸಮಿತಿಗಳು ಕಾಗದದಲ್ಲಿ ಈಗಲೂ ಇವೆ. ಅವು ಸೊರಗಿದ್ದು ಜನ ಮರ ಕಡಿದದ್ದಕ್ಕಿಂತ ಹೆಚ್ಚಾಗಿ, ಪಾಲಿನ ಹಣ ಕೈಗೆ ಬರಲು ಹಿಡಿದ ವರ್ಷಗಳಿಂದ.

ನಿಜವಾದ ತೊಡಕು ಬೇರೆ ಕಡೆ ಇದೆ. ಕಾಲುವೆ ದಂಡೆ ಕೃಷ್ಣಾ ಭಾಗ್ಯ ಜಲ ನಿಗಮದ್ದು, ರಸ್ತೆ ಬದಿ ಲೋಕೋಪಯೋಗಿ ಇಲಾಖೆಯದು, ಕೆರೆ ಏರಿ ಸಣ್ಣ ನೀರಾವರಿಯದೋ ಪಂಚಾಯಿತಿಯದೋ, ಗಾಯರಾಣ ಕಂದಾಯದ್ದು, ಹಚ್ಚುವ ಸಸಿ ಅರಣ್ಯ ಇಲಾಖೆಯದು. ಒಂದು ಹುಣಸೆ ಮರದ ಹಣ್ಣನ್ನು ಒಬ್ಬ ಹೆಣ್ಣುಮಗಳ ಹೆಸರಿಗೆ ಬರೆಯಲು ಇಷ್ಟೂ ಜನರ ಒಪ್ಪಿಗೆ ಬೇಕು. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಯಾವ ಇಲಾಖೆ ಎಷ್ಟು ಲಕ್ಷ ಸಸಿ ಹಚ್ಚಬೇಕೆಂದು ಗುರಿ ಹಂಚುವ ಸಭೆಗಳು ಜಿಲ್ಲಾ ಮಟ್ಟದಲ್ಲಿ ಹೇಗೂ ನಡೆಯುತ್ತವೆ, ಈ ಎಲ್ಲರೂ ಅಲ್ಲಿ ಕೂತಿರುತ್ತಾರೆ. ಗುರಿಯ ಪಟ್ಟಿಯಲ್ಲಿ ಈಗ ಜಾಗ, ಜಾತಿ, ಸಂಖ್ಯೆ ಎಂಬ ಮೂರು ಕಾಲಂ ಇದ್ದರೆ, ಹಣ್ಣು ಯಾರದು ಎಂಬ ನಾಲ್ಕನೆಯದನ್ನು ಸೇರಿಸಲು ಹೊಸ ಕಾಯ್ದೆಯೇನೂ ಬೇಕಿಲ್ಲ. ಮೊದಲ ವರ್ಷ ನಾಲ್ಕು ತಾಲ್ಲೂಕಿಗೆ ನಾಲ್ಕು ತಾಂಡಾ, ಅವುಗಳ ಹತ್ತಿರದ ಕಾಲುವೆಯ ಒಂದೊಂದು ಕಿಲೋಮೀಟರು ಸಾಕು.